ಪರ್ಮಿಟ್ಟಿನ ತೂಕ, ಗಾಡಿಯ ತೂಕ

ನನ್ನ ಬಳಿ ಒಂದು ಹಳೆಯ ನೋಟ್‌ಬುಕ್ ಇದೆ. ಅಂಗಡಿಯ ಲೆಕ್ಕ ಬರೆಯಲು ಬಳಸುವಂಥ, ಉದ್ದನೆಯ, ರಟ್ಟಿನ ಹೊದಿಕೆಯ ಇನ್ನೂರು ಪುಟಗಳ ನೋಟ್‌ಬುಕ್. ಅದರ ಅಂಚುಗಳು ಇವತ್ತಿಗೂ ಇಟ್ಟಿಗೆಯ ಬಣ್ಣದಲ್ಲಿವೆ. ಪುಟ ತಿರುವಿದರೆ ಬೆರಳಿನ ತುದಿಗೆ ಕೆಂಪು ಅಂಟುತ್ತದೆ. 2006ರ ಬೇಸಿಗೆಯಿಂದ 2008ರ ಮಳೆಗಾಲದವರೆಗೆ ನಮ್ಮ ಮನೆಯ ಟಿಪ್ಪರ್ ಕಬ್ಬಿಣದ ಅದಿರು ಹೇರಿ ಹೊಡೆದ ಟ್ರಿಪ್ಪುಗಳ ಲೆಕ್ಕ ಅದರಲ್ಲಿದೆ. ಬರೆದವನು ನಾನು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನ್ನ ಅಕ್ಷರ ದುಂಡಗಿದೆ, ಲೆಕ್ಕ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಅಪ್ಪ ಆ ಕೆಲಸವನ್ನು ನನಗೆ ಒಪ್ಪಿಸಿದ್ದರು. ಪ್ರತಿ ಪುಟದಲ್ಲೂ ಸ್ಕೇಲು ಇಟ್ಟು ಗೆರೆ ಎಳೆದು ಮಾಡಿದ ನಾಲ್ಕು ಕಾಲಂಗಳಿವೆ: ದಿನಾಂಕ, ಟ್ರಿಪ್ಪು, ಪರ್ಮಿಟ್ಟಿನ ತೂಕ, ಗಾಡಿಯ ತೂಕ. ಮೂರನೆಯ ಕಾಲಂನಲ್ಲಿ, ಅಂದರೆ ಸಾಗಣೆಯ ಪರವಾನಗಿಯಲ್ಲಿ ನಮೂದಾದ ಟನ್ನುಗಳ ಜಾಗದಲ್ಲಿ, ಸಾಲುಸಾಲಾಗಿ 15 ಎಂದಿದೆ. ನಾಲ್ಕನೆಯದರಲ್ಲಿ, ಗಾಡಿಯಲ್ಲಿ ನಿಜಕ್ಕೂ ಹೇರಿದ ಟನ್ನುಗಳ ಜಾಗದಲ್ಲಿ, 22, 23, ಒಮ್ಮೊಮ್ಮೆ 24.

ಈ ಎರಡು ಕಾಲಂಗಳ ನಡುವಿನ ವ್ಯತ್ಯಾಸದಲ್ಲಿ ನನ್ನ ಓದು ನಡೆಯಿತು. ಇದನ್ನು ಬರೆಯಲು ನನಗೆ ಬಹಳ ವರ್ಷ ಬೇಕಾಯಿತು.

ನಮ್ಮದು ಸಂಡೂರಿನ ಬೆಟ್ಟಸಾಲಿನ ಕೆಳಗಿನ ಒಂದು ಊರು. ಮಳೆಯನ್ನೇ ನಂಬಿದ ನಾಲ್ಕೆಕರೆ ಹೊಲ, ಅದರಲ್ಲಿ ಜೋಳ, ಮೆಕ್ಕೆಜೋಳ, ಸ್ವಲ್ಪ ಶೇಂಗಾ. ಒಂದು ವರ್ಷ ಬೆಳೆ ಕೈಗೆ ಬಂದರೆ ಎರಡು ವರ್ಷ ಬಾರದು. ಬಾರದ ವರ್ಷಗಳಲ್ಲಿ ಅಪ್ಪ ಮೇಸ್ತ್ರಿಗಳ ಹಿಂದೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ಅವ್ವ ಮಂದಿಯ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದಳು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ, ಅದುವರೆಗೆ ಕಾದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಅದೇ ಹೊತ್ತಿಗೆ ಚೀನಾದ ಉಕ್ಕಿನ ಕುಲುಮೆಗಳ ಹಸಿವಿನಿಂದಾಗಿ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತು. ಅಲ್ಲಿಯವರೆಗೆ ಬೆಟ್ಟದ ಮೇಲಿನವರ ವ್ಯವಹಾರವಾಗಿದ್ದ ಅದಿರು ಬಯಲಿಗೂ ಇಳಿದು ಬಂತು. ಪಟ್ಟಾ ಹೊಲಗಳ ಮೇಲ್ಮಣ್ಣು ಕೆದರಿದರೆ ಸಿಗುವ ಅದಿರಿನ ಗುಂಡುಗಳಿಗೂ ಗಿರಾಕಿಗಳು ಬಂದರು. ತಲೆಮಾರುಗಳಿಂದ ಉತ್ತು ಬಿತ್ತಿದ ಹೊಲವನ್ನು ಮಂದಿ ಜೆಸಿಬಿಗೆ ಕೊಟ್ಟರು. ಅಪ್ಪ ಹೊಲ ಕೊಡಲಿಲ್ಲ. ಬದಲಿಗೆ ಅದನ್ನು ಅಡವಿಟ್ಟು ಒಂದು ಹಳೆಯ ಹತ್ತು ಗಾಲಿಯ ಟಿಪ್ಪರ್ ಕೊಂಡರು.

ಆ ವರ್ಷಗಳು ಹೇಗಿದ್ದವು ಎಂಬುದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ಅತಿಯಾಯಿತೆನ್ನಿಸಬಹುದು. ಹೊಸಪೇಟೆ, ಸಂಡೂರು, ತೋರಣಗಲ್ಲುಗಳ ರಸ್ತೆಗಳಲ್ಲಿ ಲಾರಿಗಳ ಸಾಲು ಮೈಲುಗಟ್ಟಲೆ ನಿಲ್ಲುತ್ತಿತ್ತು. ಡಾಂಬರು ಎಲ್ಲಿ ಮುಗಿದು ಗುಂಡಿ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಜೋಳದ ಗರಿಗಳ ಮೇಲೆ, ಶಾಲೆಯ ಬೆಂಚುಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ದೇವರ ಮಾಡದ ದೀಪದ ಎಣ್ಣೆಯಲ್ಲೂ ಕೆಂಧೂಳು. ದನಗಳು ಮೇವಿಗೆ ಬಾಯಿ ಹಾಕುವ ಮೊದಲು ತಲೆ ಕೊಡವುತ್ತಿದ್ದವು. ರಸ್ತೆಯ ಬದಿಯ ದಿಬ್ಬಗಳಲ್ಲಿ ಹೆಂಗಸರು ಗುಂಪುಗುಂಪಾಗಿ ಕುಳಿತು ಸುತ್ತಿಗೆಯಿಂದ ಅದಿರು ಒಡೆದು, ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಒಂದು ಕಡೆ ಗುಡ್ಡೆ ಹಾಕುತ್ತಿದ್ದರು. ಅವರ ಪಕ್ಕದಲ್ಲಿ ಅವರ ಮಕ್ಕಳೂ ಸಣ್ಣ ಸುತ್ತಿಗೆ ಹಿಡಿದು ಕೂತಿರುತ್ತಿದ್ದರು. ಅವರಲ್ಲಿ ಕೆಲವರು ನನ್ನ ಶಾಲೆಯವರು. ಟಿಪ್ಪರಿನ ಕ್ಯಾಬಿನ್ನಿನಿಂದ ಅವರನ್ನು ನೋಡುವಾಗ ನಾನು ಎತ್ತರದಲ್ಲಿರುತ್ತಿದ್ದೆ. ಆ ಎತ್ತರ ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅಷ್ಟೆಲ್ಲ ಮಣ್ಣು ನಾಡಿನಿಂದ ಹೊರಹೋಗುವಾಗ ನಾಡಿಗೆ ಬಂದದ್ದೇನು? 2009ರಲ್ಲಿ ರಾಜಧನದ ಪದ್ಧತಿ ಬದಲಾಗುವವರೆಗೆ ಒಂದು ಟನ್ ಅದಿರಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ಮೊತ್ತ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ, ಅದೂ ಅತ್ಯುತ್ತಮ ದರ್ಜೆಯ ಅದಿರಿಗೆ. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಲಾಗಿತ್ತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು, ಆ 21ರಲ್ಲಿ ಸಂಡೂರೂ ಒಂದು. ರಾಜ್ಯದಲ್ಲೇ ಅತಿ ಸಿರಿವಂತ ಮಣ್ಣಿನ ಮೇಲೆ ನಿಂತಿದ್ದ ನಾವು ಪಟ್ಟಿಯಲ್ಲಿ ಕೊನೆಯವರಾಗಿದ್ದೆವು. ಮುಂದಿನ ಏಳೆಂಟು ವರ್ಷ ಬೆಟ್ಟ ಕರಗಿತು, ಪಟ್ಟಿ ಹಾಗೆಯೇ ಉಳಿಯಿತು.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಬಗೆಗಿನ ತಮ್ಮ ಅಂತಿಮ ವರದಿಯನ್ನು ಸಲ್ಲಿಸಿದರು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ನಾಲ್ಕು ದಿನಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ನಾನಾಗ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದೆ. ಹಾಸ್ಟೆಲ್ಲಿನ ಮೆಸ್ಸಿನಲ್ಲಿ ನಾವೆಲ್ಲ ಪತ್ರಿಕೆಯನ್ನು ಹರಡಿಕೊಂಡು ಓದುತ್ತಿದ್ದೆವು. ಗೆಳೆಯರು ಸಿಟ್ಟಿನಿಂದ ಮಾತಾಡುತ್ತಿದ್ದರು, ನಾನೂ ಅವರಷ್ಟೇ ಸಿಟ್ಟಿನಿಂದ ಮಾತಾಡುತ್ತಿದ್ದೆ. ಅಷ್ಟರಲ್ಲಿ ಅಕ್ರಮದ ವಿಧಾನಗಳನ್ನು ವಿವರಿಸಿದ್ದ ಒಂದು ಪುಟದಲ್ಲಿ, ಪರವಾನಗಿಯಲ್ಲಿ ನಮೂದಾದ ತೂಕಕ್ಕಿಂತ ಹೆಚ್ಚು ಅದಿರನ್ನು ಲಾರಿಗಳಲ್ಲಿ ಸಾಗಿಸಲಾಗುತ್ತಿತ್ತು ಎಂಬ ವಾಕ್ಯ ಕಣ್ಣಿಗೆ ಬಿತ್ತು. ನನ್ನ ಮಾತು ಅಲ್ಲಿಗೆ ನಿಂತಿತು. ಅದು ನನ್ನ ನಾಲ್ಕನೆಯ ಕಾಲಂ. ಆ ಹದಿನಾರು ಸಾವಿರ ಕೋಟಿಯಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಬರೆದ ಏಳೆಂಟು ಟನ್ನುಗಳೂ ಸೇರಿದ್ದವು, ದಿನಕ್ಕೆ ಎರಡು ಬಾರಿ, ಎರಡು ವರ್ಷ.

ಈ ವಿಷಯವನ್ನು ಹೇಳಿದಾಗಲೆಲ್ಲ ನನ್ನನ್ನು ಪ್ರೀತಿಸುವವರು ಕೂಡಲೇ ನನ್ನನ್ನು ಬಿಡುಗಡೆ ಮಾಡಲು ಮುಂದಾಗುತ್ತಾರೆ. ನೀನಾಗ ಹುಡುಗ, ನಿನಗೇನು ಗೊತ್ತಿತ್ತು ಎನ್ನುತ್ತಾರೆ. ಬೆಟ್ಟಗಳನ್ನೇ ನುಂಗಿದವರಿರುವಾಗ ಒಂದು ಟಿಪ್ಪರಿನ ಲೆಕ್ಕವೇನು ಎನ್ನುತ್ತಾರೆ. ಎಲ್ಲರೂ ಹಾಗೆಯೇ ಹೊಡೆಯುತ್ತಿದ್ದರು, ಪರ್ಮಿಟ್ಟಿನಷ್ಟೇ ಹೇರಿದರೆ ಡೀಸೆಲ್ಲಿನ ದುಡ್ಡೂ ಹುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಬಾಡಿಗೆಯನ್ನು ಟನ್ನಿನ ಲೆಕ್ಕದಲ್ಲಿ ಕೊಡುತ್ತಿದ್ದರು, ಸಾಲದ ಕಂತು ತಿಂಗಳ ಲೆಕ್ಕದಲ್ಲಿ ಬರುತ್ತಿತ್ತು, ಎಷ್ಟು ಹೇರಬೇಕೆಂಬುದನ್ನು ಲೋಡಿಂಗ್ ಜಾಗದಲ್ಲಿದ್ದವರು ತೀರ್ಮಾನಿಸುತ್ತಿದ್ದರು. ಒಪ್ಪದ ಗಾಡಿಗೆ ಮಾರನೆಯ ದಿನ ಲೋಡು ಸಿಗುತ್ತಿರಲಿಲ್ಲ. ಅಪ್ಪನಿಗೆ ಆಯ್ಕೆ ಇರಲಿಲ್ಲ ಎನ್ನಲಾರೆ, ಇದ್ದ ಆಯ್ಕೆ ಬಹಳ ಇಕ್ಕಟ್ಟಿನದಾಗಿತ್ತು ಎನ್ನಬಲ್ಲೆ. ಇಷ್ಟಾದರೂ ಆ ಸಮಾಧಾನದ ಮಾತುಗಳು ನನ್ನಲ್ಲಿ ಇಳಿಯುವುದಿಲ್ಲ. ಅವು ತಪ್ಪಿನ ಬಗ್ಗೆ ಮಾತಾಡುತ್ತವೆ. ನಾನು ಕೇಳುತ್ತಿರುವುದು ಹೊಣೆಯ ಬಗ್ಗೆ. ತಪ್ಪು ಯಾರದು ಎಂದು ಕೇಳಿದರೆ ದೊಡ್ಡವರ ಹೆಸರುಗಳು ಮೊದಲು ಬರಬೇಕು, ಬರಲಿ. ಹೊಣೆಯ ಪ್ರಶ್ನೆ ಬೇರೆ. ಆ ಹಣದಿಂದ ಕಟ್ಟಿದ ಫೀಸು, ಆ ಫೀಸಿನಿಂದ ಬಂದ ಪದವಿ, ಆ ಪದವಿಯಿಂದ ಸಿಕ್ಕ ಬೆಂಗಳೂರಿನ ಕೆಲಸ ಇವತ್ತಿಗೂ ನನ್ನ ಕೈಯಲ್ಲಿವೆ. ಉಣ್ಣುವುದು ನಿಂತಿಲ್ಲವಾದ್ದರಿಂದ ಹೊಣೆಯೂ ತೀರಿಲ್ಲ.

ಗಣಿ ನಿಂತಾಗ ಯಾರು ಬಿದ್ದರು ಎಂಬುದನ್ನೂ ಮರೆಯಬಾರದು. ದೊಡ್ಡವರಲ್ಲಿ ಕೆಲವರು ಜೈಲಿಗೆ ಹೋದರು, ಬಂದರು. ಫೈನಾನ್ಸ್ ಕಂಪನಿಯವರು ಒಯ್ದದ್ದು ನಮ್ಮಂಥವರ ಗಾಡಿಗಳನ್ನು. ನಮ್ಮ ಊರಿನ ಕೆರೆಯ ಏರಿಯ ಕೆಳಗೆ ಒಂಬತ್ತು ಲಾರಿಗಳು ವರ್ಷಗಟ್ಟಲೆ ನಿಂತು, ಟೈರು ಸೀಳಿ, ಗಾಜು ಒಡೆದು, ಕೊನೆಗೆ ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಹೋದವು. ನಮ್ಮ ಗಾಡಿಯನ್ನು ಅಪ್ಪ ಸಿಕ್ಕ ಬೆಲೆಗೆ ಮಾರಿ ನನ್ನ ಕೊನೆಯ ವರ್ಷದ ಫೀಸು ಕಟ್ಟಿದರು. ದಿಬ್ಬದ ಮೇಲೆ ಅದಿರು ಒಡೆಯುತ್ತಿದ್ದ ಹೆಂಗಸರು ಮತ್ತೆ ಕಳೆ ತೆಗೆಯಲು ಹೋದರು. ಆದರೆ ಹೊಲಗಳು ಮೊದಲಿನಂತಿರಲಿಲ್ಲ, ಮೇಲ್ಮಣ್ಣು ಹೋದ ಹೊಲದಲ್ಲಿ ಬೆಳೆಯುವುದೇನು? ಗುಳೆ ಹೋಗುವ ಬಸ್ಸುಗಳು ತುಂಬಿದವು.

ನಮ್ಮ ಕಡೆ ಇಂಥದ್ದನ್ನೆಲ್ಲ ಹೇಳುವ ಒಂದು ರೀತಿಯಿದೆ. ಮೈನಿಂಗ್ ಬಂತು, ಹೊಲ ಹೋಯಿತು, ಲಾರಿ ನಿಂತವು, ಏನೇನೋ ಆಗಿಹೋಯಿತು. ಬಂತು, ಹೋಯಿತು, ಆಗಿಹೋಯಿತು: ಎಲ್ಲವೂ ಮಳೆಯಂತೆ, ಸಿಡುಬಿನಂತೆ ತಾನಾಗಿ ಬಂದು ತಾನಾಗಿ ಹೋದದ್ದರ ಹಾಗೆ. ಯಾರು ತಂದರು, ಯಾರು ಕೊಟ್ಟರು, ಯಾರು ಸುಮ್ಮನಿದ್ದರು ಎಂಬುದಕ್ಕೆ ಆ ವಾಕ್ಯಗಳಲ್ಲಿ ಜಾಗವೇ ಇಲ್ಲ. ಹೀಗೆ ಮಾತಾಡುವವರನ್ನು ನಾನು ಹೀಗಳೆಯುತ್ತಿಲ್ಲ. ಕೈಯಲ್ಲಿ ಏನೂ ಇಲ್ಲದವರಿಗೆ ಅದು ಬದುಕಿ ಉಳಿಯುವ ಭಾಷೆ. ದಿನವೂ ಹೆಸರು ಹಿಡಿದು ದೂರುತ್ತ ಕೂತರೆ ಬದುಕು ಸಾಗದು. ಆದರೆ ಓದಿದ ನಾನು, ಹೊರಗೆ ಹೋದ ನಾನು, ಅದೇ ಭಾಷೆಯನ್ನು ಆಡುವಾಗ ಅದು ಬೇರೆಯೇ ಕೆಲಸ ಮಾಡುತ್ತದೆ. ನನ್ನ ಬಾಯಲ್ಲಿ ಅದು ಮರೆ. ನಮ್ಮ ಭಾಗದವನೊಬ್ಬ ಬೆಂಗಳೂರಿನ ಸಂಜೆಯ ಮಾತುಕತೆಯಲ್ಲಿ ಊರಿನ ರಾಜಕಾರಣಿಗಳನ್ನು ಬೈದು, ಅಲ್ಲಿ ಏನೂ ಸುಧಾರಿಸದು ಎಂದು ತೀರ್ಪು ಕೊಟ್ಟು ಎದ್ದುಹೋಗುವಾಗ, ತನ್ನ ಪಾಲನ್ನು ಆ ತೀರ್ಪಿನ ಹಿಂದೆ ಇಟ್ಟು ಹೋಗಿರುತ್ತಾನೆ. ನಾನು ಹಾಗೆ ಎಷ್ಟು ಸಂಜೆ ಎದ್ದುಹೋಗಿದ್ದೇನೋ ಲೆಕ್ಕವಿಲ್ಲ.

ರಾಜಕೀಯ ಸೋತಿತು ಎನ್ನುವುದಾದರೆ ಅದು ಸೋತ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಲೋಕಾಯುಕ್ತವೇ ಈ ನಾಡಿನ ದೊಡ್ಡ ಲೂಟಿಯನ್ನು ಬೆಳಕಿಗೆ ತಂದಿತ್ತು. ಐದು ವರ್ಷಗಳ ನಂತರ, 2016ರಲ್ಲಿ, ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಸಂಸ್ಥೆಯನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. 2022ರಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡುವವರೆಗೆ ಆರು ವರ್ಷ ಅದು ನಡೆಯಿತು. ಅಕ್ರಮ ಗಣಿಗಾರಿಕೆಯ ವರದಿ ಬಂದ ದಿನಗಳಲ್ಲಿ ಒಂದು ಪಕ್ಷ, ಲೋಕಾಯುಕ್ತ ಬಡವಾದ ದಿನಗಳಲ್ಲಿ ಇನ್ನೊಂದು ಪಕ್ಷ ಅಧಿಕಾರದಲ್ಲಿತ್ತು. ಇದು ಮೇಲಿನ ಸೋಲು. ಕೆಳಗಿನ ಸೋಲು ನಮ್ಮ ಮನೆಯ ಒಳಗೇ ಇತ್ತು. 2008ರ ವಿಧಾನಸಭಾ ಚುನಾವಣೆಯ ಹಿಂದಿನ ರಾತ್ರಿ ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದವರು ಮನೆಯ ಮತಗಳನ್ನು ಎಣಿಸಿ, ತಲೆಗೆ ಐನೂರರಂತೆ ಕೊಟ್ಟು, ಅವ್ವನ ಕೈಗೆ ಒಂದು ಸೀರೆ ಇಟ್ಟು ಹೋದರು. ಅವ್ವ ಆ ನೋಟುಗಳನ್ನು ಅಕ್ಕಿಯ ಡಬ್ಬದಲ್ಲಿ ಹಾಕಿದಳು. ಬೆಳಿಗ್ಗೆ ಮತ ಹಾಕಿ ಬಂದು, ಆ ವಾರದ ಸಂತೆ ಅದರಲ್ಲೇ ಆಯಿತು. ಅವಳನ್ನು ನಾನು ಹೇಗೆ ದೂರಲಿ? ಐದು ವರ್ಷಕ್ಕೊಮ್ಮೆ ಮಾತ್ರ ಬಾಗಿಲಿಗೆ ಬರುವ ಸರ್ಕಾರದಿಂದ ಕೈಗೆ ಸಿಕ್ಕಷ್ಟನ್ನು ಅವಳು ಪಡೆದಳು. ಆದರೆ ಅದೇ ಮನೆಯಲ್ಲಿ, ಅದೇ ರಾತ್ರಿ, ಪೌರನೀತಿಯ ಪಾಠವನ್ನು ಬಾಯಿಪಾಠ ಮಾಡಿ ಪೂರ್ಣ ಅಂಕ ಪಡೆದಿದ್ದ ನಾನು ಎದ್ದು ಕೂತು ನೋಡುತ್ತಿದ್ದೆ, ಏನೂ ಹೇಳಲಿಲ್ಲ. ಮರುದಿನ ಆ ದುಡ್ಡಿನಲ್ಲಿ ನನಗೊಂದು ಕ್ಯಾಲ್ಕುಲೇಟರ್ ಬೇಕೆಂದು ಕೇಳಿದೆ.

ನನ್ನನ್ನು ಹೆಚ್ಚು ಕಾಡುವ ನೆನಪು ಮಾತ್ರ ಗಣಿಯದ್ದಲ್ಲ, ನೋಟಿನದ್ದೂ ಅಲ್ಲ. ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಚಹಾದ ಹೋಟೆಲ್ಲಿತ್ತು. ಒಳಗೆ ಎರಡು ಬೆಂಚು, ಸ್ಟೀಲಿನ ಲೋಟಗಳು. ಹೊರಗೆ, ಗೋಡೆಯ ಗೂಡಿನಲ್ಲಿ, ಸಿಲ್ವಾರದ ನಾಲ್ಕು ಲೋಟಗಳನ್ನು ಬೋರಲು ಹಾಕಿರುತ್ತಿದ್ದರು. ಕೇರಿಯಿಂದ ಬಂದವರು ಗೂಡಿನಿಂದ ತಾವೇ ಲೋಟ ತೆಗೆದುಕೊಂಡು, ತೊಟ್ಟಿಯ ಬಳಿ ತಾವೇ ತೊಳೆದುಕೊಂಡು, ಮೇಲಿನಿಂದ ಹೊಯ್ದ ಚಹಾ ಹಿಡಿದು, ನಿಂತು ಕುಡಿದು, ಮತ್ತೆ ತೊಳೆದು ಗೂಡಿನಲ್ಲಿಡಬೇಕಿತ್ತು. ನನ್ನ ತರಗತಿಯಲ್ಲಿ ನನ್ನ ಪಕ್ಕವೇ ಕೂರುತ್ತಿದ್ದ ಹುಡುಗ, ಗಣಿತದಲ್ಲಿ ನನಗಿಂತ ಮುಂದಿದ್ದವನು, ಒಂದು ದಿನ ಅಲ್ಲಿಗೆ ಬಂದ. ನಾನು ಒಳಗೆ ಬೆಂಚಿನ ಮೇಲೆ ಕೂತಿದ್ದೆ. ಅವನು ಗೂಡಿಗೆ ಕೈ ಹಾಕುವಾಗ ಕಿಟಕಿಯಿಂದ ನನ್ನನ್ನು ಕಂಡ. ಅವನ ಕೈ ಒಂದು ಕ್ಷಣ ಲೋಟದ ಮೇಲೆಯೇ ನಿಂತಿತು, ಆಮೇಲೆ ಅವನು ಚಹಾ ಕುಡಿಯದೆ ಹೊರಟುಹೋದ. ನಾನು ನನ್ನ ಲೋಟದ ಚಹಾ ಮುಗಿಸಿದೆ. ಮುಂದೆ ಅವನು ಓದು ಬಿಟ್ಟು ನಮ್ಮ ಟಿಪ್ಪರಿಗೇ ಕ್ಲೀನರಾಗಿ ಬಂದ. ನನ್ನ ನೋಟ್‌ಬುಕ್ಕಿಗೆ ತೂಕದ ಚೀಟಿ ತಂದುಕೊಡುತ್ತಿದ್ದವನು ಅವನೇ. ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ್ದ. ನಾನು ಬೇಡ ಎನ್ನಲಿಲ್ಲ.

2014ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹೋಟೆಲುಗಳಲ್ಲೂ ಕ್ಷೌರದ ಅಂಗಡಿಗಳಲ್ಲೂ ಪ್ರವೇಶ ನಿರಾಕರಿಸಿದ್ದನ್ನು ಅಲ್ಲಿನ ದಲಿತರು ಪ್ರಶ್ನಿಸಿದ್ದರಿಂದ ಬೆಳೆದ ಹಗೆ ಅದರ ಹಿಂದಿತ್ತು. ಹತ್ತು ವರ್ಷಗಳ ವಿಚಾರಣೆಯ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 101 ಮಂದಿ ತಪ್ಪಿತಸ್ಥರೆಂದು ಹೇಳಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ತೀರ್ಪು ಬಂದ ದಿನ ಎಲ್ಲರೂ ಸಂಖ್ಯೆಯ ಬಗ್ಗೆ ಮಾತಾಡಿದರು: ಒಂದೇ ಊರಿನಲ್ಲಿ ಇಷ್ಟೊಂದು ಜನವೇ? ನನಗೆ ಆಶ್ಚರ್ಯವಾಗಲಿಲ್ಲ. ಬೆಂಕಿ ಹಚ್ಚಲು ನಾಲ್ಕು ಜನ ಸಾಕು. ನಾಲ್ಕು ಜನ ಹಚ್ಚಬಹುದು ಎಂಬ ಧೈರ್ಯ ಹುಟ್ಟಲು ಮಾತ್ರ ಇಡೀ ಊರು ಬೇಕು. ಗೂಡಿನಲ್ಲಿ ಬೋರಲು ಹಾಕಿದ ಲೋಟವನ್ನು ದಿನವೂ ನೋಡಿ ಚಹಾ ಮುಗಿಸಿ ಏಳುವವರು ಬೇಕು. ನಮ್ಮ ಊರಿನಲ್ಲಿ ಬೆಂಕಿ ಬೀಳಲಿಲ್ಲ. ಯಾರೂ ಒಳಗಿನ ಬೆಂಚಿನ ಮೇಲೆ ಹೋಗಿ ಕೂತಿರಲಿಲ್ಲವಾದ್ದರಿಂದ ಬೀಳಲಿಲ್ಲವೆಂದು ನನ್ನ ಅನುಮಾನ.

ಹಾಗೆಂದು, ಎಲ್ಲರೂ ಧೈರ್ಯ ಮಾಡಬೇಕಿತ್ತು ಎಂದು ದೂರದಲ್ಲಿ ಕೂತು ಹೇಳುವುದು ಇನ್ನೊಂದು ಬಗೆಯ ಅನ್ಯಾಯ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಮ್ಮ ಮೊದಲಿನ ಹೇಳಿಕೆಗಳಿಗೆ ತಿರುಗಿ ಬಿದ್ದಿದ್ದರು. ಏಳು ಜನ ಸತ್ತದ್ದು ನಿಜ, ಸುಟ್ಟವರು ಮಾತ್ರ ಯಾರೂ ಅಲ್ಲ. ಆ ಸಾಕ್ಷಿಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಯಾರ ವಿರುದ್ಧ ಹೇಳಬೇಕೋ ಅವರ ಹೊಲದಲ್ಲೇ ನಾಳೆ ಕೂಲಿ ಸಿಗಬೇಕು, ಅವರ ಓಣಿಯಲ್ಲೇ ಮಗಳು ಶಾಲೆಗೆ ನಡೆದುಹೋಗಬೇಕು, ಆರು ವರ್ಷ ಕೋರ್ಟಿಗೆ ಅಲೆಯಲು ದಿನಗೂಲಿ ಬಿಡಬೇಕು ಎನ್ನುವಾಗ ನೆನಪು ಅಳ್ಳಾಡುವುದು ಸಹಜ. ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಬಂದಿದ್ದರೂ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆಂದೇ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಹೊಣೆ ಎಲ್ಲರ ಮೇಲೂ ಒಂದೇ ತೂಕದಲ್ಲಿ ಕೂರುವುದಿಲ್ಲ ಎಂದು ನಾನು ನಂಬಿರುವುದು ಇದರಿಂದಲೇ. ಕಳೆದುಕೊಳ್ಳಲು ಜೀವವೊಂದೇ ಇರುವವನು ಸುಮ್ಮನಾದರೆ ಅದು ಒಂದು. ಕಳೆದುಕೊಳ್ಳಬೇಕಾದದ್ದು ಹೋಟೆಲ್ಲಿನವನ ಮುಗುಳ್ನಗೆ ಮಾತ್ರವಾಗಿದ್ದ ನಾನು ಸುಮ್ಮನಿದ್ದದ್ದು ಪೂರ್ತಿ ಬೇರೆ. ಬಡವನು ಸಾಕ್ಷಿ ಹೇಳಲಿಲ್ಲವೆಂದು ಕೊರಗುವ ಮೊದಲು, ಅವನು ಹೇಳಿದ ಮೇಲೂ ಅದೇ ಊರಿನಲ್ಲಿ ಬಾಳಬಹುದಾದಂತೆ ಅವನ ಪಕ್ಕದಲ್ಲಿ ನಿಲ್ಲಬೇಕಾಗಿದ್ದವರು ಎಲ್ಲಿದ್ದರು ಎಂದು ಕೇಳಬೇಕು. ನಾನು ಬೆಂಗಳೂರಿನಲ್ಲಿದ್ದೆ.

ಮೂರು ವರ್ಷಗಳ ಹಿಂದೆ ಊರಿಗೆ ಹೋದಾಗ ನಮ್ಮ ಪ್ರಾಥಮಿಕ ಶಾಲೆಯ ಎರಡು ಕೋಣೆಗಳಿಗೆ ಬೀಗ ಹಾಕಿದ್ದರು. ಛಾವಣಿಯ ಗಾರೆ ಉದುರಿ ಕಬ್ಬಿಣ ಕಾಣುತ್ತಿತ್ತು. ಮಕ್ಕಳು ಜಗುಲಿಯ ಮೇಲೆ ಮೂರು ತರಗತಿ ಸೇರಿ ಕೂತಿದ್ದರು. ಗಣಿಬಾಧಿತ ಪ್ರದೇಶಗಳಿಗೆ ಹಣವಿಲ್ಲ ಎನ್ನುವಂತಿಲ್ಲ. 2015ರ ಗಣಿ ಕಾನೂನಿನ ತಿದ್ದುಪಡಿಯ ನಂತರ ಪ್ರತಿ ಗಣಿ ಜಿಲ್ಲೆಯಲ್ಲೂ, ಗಣಿಯವರು ಕಟ್ಟುವ ಹಣದಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಅದಲ್ಲದೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ಪರಿಸರದ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಉಳಿದಿತ್ತು. ಹಣ ಬ್ಯಾಂಕಿನಲ್ಲಿ, ಮಕ್ಕಳು ಜಗುಲಿಯಲ್ಲಿ. ಮೊದಲಾಗಿದ್ದರೆ ನಾನು ಇದನ್ನೊಂದು ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಆ ಸಲ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ ಹತ್ತು ರೂಪಾಯಿ. ನೂರೈವತ್ತು ಪದಗಳಲ್ಲಿ ಸಿಟ್ಟಿಗೆ ಜಾಗವಿಲ್ಲ, ಇತಿಹಾಸಕ್ಕೂ ಇಲ್ಲ. ಯಾವ ವರ್ಷ, ಯಾವ ಗ್ರಾಮ, ಎಷ್ಟು ಮಂಜೂರು, ಎಷ್ಟು ಖರ್ಚು ಎಂದು ಮಾತ್ರ ಕೇಳಬಹುದು. ಮೂರು ಬಾರಿ ಹೊಡೆದು ಬರೆದ ಮೇಲೆ ಅರ್ಜಿ ಸರಿಹೋಯಿತು. ಹಾಗೆ ಬರೆಯುವಾಗ ನನಗೆ ಎಷ್ಟೋ ವರ್ಷಗಳ ನಂತರ ನೋಟ್‌ಬುಕ್ಕಿನ ಕಾಲಂಗಳು ನೆನಪಾದವು.

ಉತ್ತರ ಮೂವತ್ತು ದಿನದಲ್ಲಿ ಬರಲಿಲ್ಲ, ಮೇಲ್ಮನವಿಯ ನಂತರ ಬಂತು. ಒಂದು ಕೋಣೆಗೆ ಹಣ ಮಂಜೂರಾಗಿ, ಕೆಲಸ ಮುಗಿದಿದೆ ಎಂದು ಅದರಲ್ಲಿತ್ತು. ಆ ಕಾಗದದ ಪ್ರತಿಗಳನ್ನು ಮಾಡಿಸಿ ಗ್ರಾಮಸಭೆಗೆ ಹೋದೆ. ಅಧಿಕಾರಿಗಳು ತಡವಾಗಿ ಬಂದು, ಫಲಾನುಭವಿಗಳ ಪಟ್ಟಿಯನ್ನು ವೇಗವಾಗಿ ಓದಿ, ಸಹಿಯ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದರು. ನಾನು ಎದ್ದು ಕೇಳಿದಾಗ, ಊರಲ್ಲಿ ಇರದವನಿಗೆ ಇದೆಲ್ಲ ಯಾಕೆ ಎಂದು ಒಬ್ಬರು ಗದರಿದರು. ಆ ಪ್ರಶ್ನೆ ನ್ಯಾಯವಾದದ್ದೇ, ನನ್ನ ಬಳಿ ಉತ್ತರವಿರಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು, ದಿಬ್ಬದ ಮೇಲೆ ಅದಿರು ಒಡೆಯುತ್ತಿದ್ದವರಲ್ಲಿ ಒಬ್ಬಳು, ನನ್ನ ಕೈಯಲ್ಲಿದ್ದ ಕಾಗದವನ್ನು ಇಸಿದುಕೊಂಡು, "ನಾನಿಲ್ಲೇ ಇರಾಕಿ, ನನ್ನ ಮೊಮ್ಮಗಳು ಅದೇ ಸಾಲ್ಯಾಗ ಓದ್ತಾಳ. ನನಗ ಹೇಳ್ರಿ" ಎಂದಳು. ಅವಳಿಗೆ ಓದಲು ಬರುವುದಿಲ್ಲ. ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದಳು. ಆದರೂ ಸಭೆ ಅವಳ ಮಾತಿಗೆ ಸುಮ್ಮನಾದಷ್ಟು ನನ್ನ ಮಾತಿಗೆ ಸುಮ್ಮನಾಗಿರಲಿಲ್ಲ. ಒಂದು ಕೋಣೆ ಆಮೇಲೆ ರಿಪೇರಿಯಾಯಿತು. ಇನ್ನೊಂದಕ್ಕೆ ಈಗಲೂ ಬೀಗವಿದೆ, ಎರಡನೆಯ ಅರ್ಜಿ ಹೋಗಿದೆ. ಇದರಿಂದ ನಾಡು ಬದಲಾಯಿತೆಂದು ನಾನು ಹೇಳುತ್ತಿಲ್ಲ. ನನ್ನ ಏಳೆಂಟು ಟನ್ನುಗಳಿಗೆ ಒಂದು ಛಾವಣಿ ಸರಿಸಮವಲ್ಲ ಎಂಬುದೂ ನನಗೆ ಗೊತ್ತು.

ಅಂದು ಕ್ಲೀನರಾಗಿದ್ದ ನನ್ನ ಸಹಪಾಠಿ ಈಗ ತೋರಣಗಲ್ಲಿನ ಕಡೆ ಲಾರಿ ಓಡಿಸುತ್ತಾನೆ. ಅವನನ್ನು ಹುಡುಕಿಕೊಂಡು ಹೋಗಿ ಆ ಹೋಟೆಲ್ಲಿನ ದಿನದ ಬಗ್ಗೆ ಮಾತಾಡಿದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಅವನು ಬಹಳ ಹೊತ್ತು ರಸ್ತೆಯ ಕಡೆ ನೋಡಿ, "ಅದನ್ನ ನೀನು ನೋಡಿದ್ದಿ ಅಂತ ನನಗೆ ಗೊತ್ತಿತ್ತು. ನೋಡಿದ್ದಿ ಅಂತ ನಿನ್ನ ಬಾಯಿಂದ ಇವತ್ತು ಕೇಳಿದೆ" ಎಂದ. ಕ್ಷಮಿಸಿದೆ ಎನ್ನಲಿಲ್ಲ. ಏಕವಚನದಲ್ಲಿ ಮಾತಾಡಿದ.

ಈ ಬರಹವನ್ನು ಹೊರಗೆ ಬಿಡುವ ಮೊದಲು ಅಪ್ಪನಿಗೆ ಓದಿ ಹೇಳಬೇಕೆನಿಸಿತು. ಇದು ಅವರ ದುಡಿಮೆಯ ಕಥೆಯೂ ಹೌದು, ಅವರ ಒಪ್ಪಿಗೆಯಿಲ್ಲದೆ ಬರೆಯುವ ಹಕ್ಕು ನನಗಿಲ್ಲ. ಕಳೆದ ತಿಂಗಳು ಊರಿಗೆ ಹೋಗಿ, ಊಟವಾದ ಮೇಲೆ, ಕಟ್ಟೆಯ ಮೇಲೆ ಕೂತು ಮೊದಲ ಪುಟದಿಂದ ಓದಿದೆ. ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಕ್ಕಿಯ ಡಬ್ಬದ ಮಾತು ಬಂದಾಗ ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅಲ್ಲಿಯೇ ನಿಂತಳು. ಅಪ್ಪ ನಡುವೆ ಒಂದೂ ಮಾತಾಡಲಿಲ್ಲ. ಸಿಟ್ಟಾಗಿದ್ದಾರೆ ಎಂದುಕೊಂಡೆ. ಓದಿ ಮುಗಿಸಿದ ಮೇಲೆ ನೋಟ್‌ಬುಕ್ಕನ್ನು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಪುಟಗಳನ್ನು ತಿರುವಿದರು. 2007ರ ಡಿಸೆಂಬರಿನ ಒಂದು ಪುಟದ ಬಳಿ ನಿಲ್ಲಿಸಿ, "ನೀನು ಇಲ್ಲಿ ಇಪ್ಪತ್ನಾಲ್ಕು ಅಂತ ಬರದೀಯಲ್ಲ, ಅವತ್ತು ನಾನೇ ನಿನಗ ಕಮ್ಮಿ ಹೇಳಿದ್ದೆ. ಗಾಡ್ಯಾಗ ಇಪ್ಪತ್ತೇಳಿತ್ತು. ಆಕ್ಸೆಲ್ ಮುರದದ್ದು ಅದಕ್ಕ" ಎಂದರು. ಆಮೇಲೆ, ಬರೆಯುವುದಾದರೆ ಸರಿಯಾಗಿ ಬರೆ ಎಂದು ಪೆನ್ನು ಕೊಟ್ಟರು. 24ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 27 ಎಂದು ಬರೆದೆ.